ಇಂಗ್ಲಿಷಿನ ‘ಐ’ ಮತ್ತು ನಮ್ಮ ‘ನಾನು’

ಅಮೆರಿಕೆಯ ಡೇಲ್ ಕಾರ್ನೆಗಿ ಎಂಬ ಗ್ರಂಥಕರ್ತನ ಹೆಸರನ್ನು ಶ್ರೋತೃಗಳಲ್ಲಿ ಅನೇಕರು ಕೇಳಿರಬಹುದು. ಸ್ನೇಹಿತರನ್ನು ಸಂಪಾದಿಸುವ ಬಗೆಯನ್ನು ಕುರಿತು ಆತನು 1936ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸ್ವಾರಸ್ಯವಾದ ಒಂದು ಲೆಕ್ಕ ಬರುತ್ತದೆ. ನ್ಯೂಯಾರ್ಕಿನ ಟೆಲಿಫೋನ್ ಕಂಪನಿಯವರು, ಜನರು ಟೆಲಿಫೋನಿನಲ್ಲಿ ಆಡುವ ಮಾತುಗಳಲ್ಲಿ ಯಾವ ಶಬ್ದವು ಎಲ್ಲಕ್ಕಿಂತ ಹೆಚ್ಚಾಗಿ ಬರುತ್ತದೆಂದು ಎಣಿಸಿ ನೋಡಿದರಂತೆ. 500 ಸಂಭಾಷಣೆಗಳಲ್ಲಿ ‘ಐ’ ಎಂಬ ಏಕಾಕ್ಷರ ಶಬ್ದವೇ 3,900 ಸಲ ಬಂದಿತ್ತಂತೆ. ಮನುಷ್ಯನಿಗೆ ತನ್ನ ವಿಷಯದಲ್ಲಿರುವಷ್ಟು ಆಸಕ್ತಿ ಬೇರೆ ಯಾವುದರಲ್ಲಿಯೂ ಇಲ್ಲವೆಂಬುದಕ್ಕೆ ಕಾರ್ನೆಗಿ ಈ ಲೆಕ್ಕವನ್ನು ಸಾಕ್ಷಿಯಾಗಿ ಹಿಡಿದಿದ್ದಾನೆ.

ನಮ್ಮಲ್ಲಿಯೂ ಈ ಅಭಿಪ್ರಾಯ ಹೊಸದಲ್ಲ. ಇಂಗ್ಲಿಷ್ ಮಾತನ್ನು ಕೇಳಿದ ನಮ್ಮ ಹಿರಿಯರಲ್ಲಿ ಕೆಲವರು, “ಬಾಯಿ ತೆರೆದರೆ ನಾನು, ನಾನು, ಬರೆಯುವಾಗಲೂ ಅದೊಂದು ಅಕ್ಷರಕ್ಕೆ ದೊಡ್ಡ ಪೀಠ!” ಎಂದು ಹಾಸ್ಯ ಮಾಡುವುದುಂಟು. ‘ನಾನು’ ಎಂಬ ಮಾತನ್ನು ಅಹಂಕಾರಕ್ಕೆ ಪರ್ಯಾಯವಾಗಿ ಬಳಸುವ ಸಂಪ್ರದಾಯದಲ್ಲಿ ಬೆಳೆದವರಿಗೆ ಹಾಗೆ ತೋರುವುದು ಸಹಜವೇ. ಆದರೆ ಈ ತೀರ್ಮಾನ ನ್ಯಾಯವಾದುದೇ? ಇಂಗ್ಲಿಷಿನ ‘ಐ’ ನಮ್ಮ ‘ನಾನು’ವಿಗೆ ಸರಿಸಮವೇ? ಅಲ್ಲವೆಂಬುದು ನನ್ನ ಅಭಿಪ್ರಾಯ. ಇವೆರಡನ್ನೂ ಒಂದೇ ಎಂದು ಎಣಿಸುವುದರಿಂದ ಎರಡು ತೊಂದರೆಗಳು ಉಂಟಾಗುತ್ತವೆ: ಇಂಗ್ಲಿಷನ್ನಾಡುವವರ ವಿನಯ ನಮಗೆ ಅಹಂಕಾರವಾಗಿ ಕೇಳುತ್ತದೆ, ನಾವು ಇಂಗ್ಲಿಷಿನಲ್ಲಿ ಆಡುವಾಗ ನಮ್ಮ ವಿನಯ ಅವರಿಗೆ ಒರಟುತನವಾಗಿ ಕೇಳುತ್ತದೆ. ಇಂಗ್ಲಿಷಿನಲ್ಲಿಯೇ ಪತ್ರವ್ಯವಹಾರ ನಡೆಸಿ, ಇಂಗ್ಲಿಷಿನಲ್ಲಿಯೇ ಉದ್ಯೋಗ ಬೇಡುವ ನಮ್ಮ ತರುಣರಿಗೆ ಇದು ಬರಿಯ ವ್ಯಾಕರಣದ ಮಾತಲ್ಲ.

ಮೊದಲು ದೊಡ್ಡ ಅಕ್ಷರದ ಅಪವಾದವನ್ನು ಪರಿಹರಿಸಿಬಿಡೋಣ. ಡೆನ್ಮಾರ್ಕಿನ ವಿದ್ವಾಂಸ ಒಟ್ಟೊ ಯೆಸ್ಪರ್ಸನ್ 1905ರಲ್ಲಿ ಇಂಗ್ಲಿಷ್ ಭಾಷೆಯ ಬೆಳವಣಿಗೆಯನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನು ವಿಚಾರ ಮಾಡಿದ್ದಾನೆ. ಮಧ್ಯಯುಗದ ಲಿಪಿಕಾರರು ಚಿಕ್ಕ ‘ಐ’ ಒಂಟಿಯಾಗಿ ಬಂದಾಗ, ಅಥವಾ ಅಕ್ಷರಗಳ ಗುಂಪಿನ ಕೊನೆಯಲ್ಲಿ ಬಂದಾಗ, ಅದನ್ನು ಉದ್ದವಾಗಿ ಎಳೆದು ಬರೆಯುತ್ತಿದ್ದರು. ರೋಮನ್ ಅಂಕಿಗಳಲ್ಲಿ ಮೂರನ್ನು ಬರೆಯುವಾಗಲೂ ಕೊನೆಯ ಗೀಟನ್ನು ಹಾಗೆಯೇ ಇಳಿಬಿಡುತ್ತಿದ್ದರು. ಒಂದು ಸಣ್ಣ ಗೀಟು ಅಕ್ಕಪಕ್ಕದ ಅಕ್ಷರಗಳಲ್ಲಿ ಕಾಣದೆ ಹೋಗಬಾರದೆಂಬ ಎಚ್ಚರಿಕೆಯಲ್ಲದೆ ಇದರಲ್ಲಿ ಗರ್ವವೇನೂ ಇಲ್ಲ.

ಇನ್ನು ಆ ಶಬ್ದ ಅಷ್ಟು ಸಲ ಬರುವುದಕ್ಕೆ ಕಾರಣವೇನು? ನಮ್ಮ ಕ್ರಿಯಾಪದವನ್ನೂ ಅವರ ಕ್ರಿಯಾಪದವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಉತ್ತರ ತಾನಾಗಿಯೇ ಹೊಳೆಯುತ್ತದೆ. ಬಂದೆನು, ಬಂದೆ, ಬಂದನು, ಬಂದಳು, ಬಂದರು, ಬಂದಿತು: ಇಲ್ಲಿ ಬಂದವರು ಯಾರೆಂಬುದನ್ನು ಪ್ರತ್ಯಯವೇ ಸಾರುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ಕೇಮ್’ ಎಂಬುದೊಂದೇ ರೂಪ. ಬರಿಯ ‘ಕೇಮ್’ ಎಂದರೆ ಬಂದುದು ಅಳಿಯನೋ ಆಳೋ ಆನೆಯೋ ತಿಳಿಯದು. ಒಂದು ಕಾಲದಲ್ಲಿ ಆ ಭಾಷೆಗೂ ಪುರುಷವಾಚಕ ಪ್ರತ್ಯಯಗಳು ಸಾಕಷ್ಟಿದ್ದುವು; ಕಾಲಕ್ರಮದಲ್ಲಿ ಅವು ಸವೆದುಹೋದುವು. ಈಗ ಇಂಗ್ಲಿಷಿನ ಸಮಸ್ತ ಕ್ರಿಯಾರೂಪಗಳಲ್ಲಿ, ಉತ್ತಮಪುರುಷ ಏಕವಚನವನ್ನು ತಾನಾಗಿಯೇ ತಿಳಿಸುವ ರೂಪ ‘ಆಮ್’ ಒಂದೇ. ಮಿಕ್ಕೆಡೆಗಳಲ್ಲಿ ನಮ್ಮ ‘ಎನು’ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ‘ಐ’ ಮಾಡಬೇಕು. ಆದುದರಿಂದ 3,900 ‘ಐ’ಗಳನ್ನು ಎಣಿಸಿ ಅಹಂಕಾರವನ್ನು ಅಳೆಯುವವನು, ನ್ಯಾಯಕ್ಕೆ, ಕನ್ನಡಿಗರ ಮಾತಿನಲ್ಲಿರುವ ‘ಎನು’ಗಳನ್ನೂ ‘ಏನೆ’ಗಳನ್ನೂ ಎಣಿಸಬೇಕು.

ನಮ್ಮಲ್ಲಿ ‘ನಾನು’ ಎಂಬ ಶಬ್ದ ಬೇರೆಯಾಗಿ ಬಂದಾಗ ಅದಕ್ಕೆ ವಿಶೇಷ ಒತ್ತು ಇರುತ್ತದೆ. “ಊಟ ಮಾಡಿದೆನು” ಎಂದರೆ ಸಂಗತಿಯನ್ನು ತಿಳಿಸಿದಂತಾಯಿತು. “ನಾನು ಊಟ ಮಾಡಿದೆನು” ಎಂದರೆ, ಮಿಕ್ಕವರದು ಇನ್ನೂ ಆಗಿಲ್ಲವೇನೋ ಎಂಬ ಧ್ವನಿ ಹೊರಡುತ್ತದೆ. ನಿಜವಾಗಿ ನಾವು ಇಷ್ಟನ್ನೂ ಹೇಳುವುದಿಲ್ಲ. “ಊಟವಾಯಿತೇ?” ಎಂದು ಕೇಳುತ್ತೇವೆ, “ಆಯಿತು” ಎಂದು ಉತ್ತರ ಬರುತ್ತದೆ. ಕೇಳಿದವನೂ ಇಲ್ಲ, ಉಂಡವನೂ ಇಲ್ಲ. ಊಟ ಮಾತ್ರ ಆಗಿದೆ! ಇದೇ ಪ್ರಶ್ನೆಗೆ ಇಂಗ್ಲಿಷಿನಲ್ಲಿ ‘ಐ ಹ್ಯಾವ್’ ಎಂದೇ ಉತ್ತರ ಕೊಡಬೇಕು. ‘ಐ’ಯನ್ನು ಬಿಟ್ಟರೆ ವಾಕ್ಯ ನಿಲ್ಲುವುದಿಲ್ಲ.

ವೈಯಾಕರಣರ ಲೆಕ್ಕದಲ್ಲಿಯೂ ಒಂದು ಸ್ವಾರಸ್ಯವಿದೆ. ಇಂಗ್ಲಿಷಿನವರು ‘ಐ’ ಎಂಬುದನ್ನು ಮೊದಲನೆಯ ಪುರುಷ ಎಂದು ಕರೆಯುತ್ತಾರೆ. ಅವರ ಎಣಿಕೆ ತನ್ನಿಂದ ಆರಂಭವಾಗುತ್ತದೆ. ಪಾಣಿನಿಯ ಸಂಪ್ರದಾಯದಲ್ಲಿ ‘ಅವನು’ ಪ್ರಥಮ, ‘ನೀನು’ ಮಧ್ಯಮ, ‘ನಾನು’ ಕೊನೆಗೆ. ‘ಉತ್ತಮ’ ಎಂಬುದಕ್ಕೆ ಇಲ್ಲಿ ಕಡೆಯದು ಎಂಬರ್ಥವೇ ಹೊರತು ಶ್ರೇಷ್ಠವಾದುದೆಂಬ ಅರ್ಥವಲ್ಲ. ಆದರೆ ಇದನ್ನೇ ಹಿಡಿದು ನಾವು ವಿನಯವಂತರೆಂದು ಬೀಗುವುದು ಬೇಡ. ಮಾತಿನಲ್ಲಿ ಅವರು ‘ಮೈ ಬ್ರದರ್ ಅಂಡ್ ಐ’ ಎಂದು ತಮ್ಮನ್ನು ಹಿಂದಕ್ಕೆ ಇಟ್ಟುಕೊಳ್ಳುತ್ತಾರೆ. “ನಾನೂ ನಮ್ಮಣ್ಣನೂ” ಎಂದು ಮುಂದೆ ನಿಲ್ಲುವವರು ನಾವು!

ಇಂಗ್ಲಿಷಿನ ಚರಿತ್ರೆಯನ್ನು ಕೊಂಚ ಹಿಂದಕ್ಕೆ ನೋಡಿದರೆ ಇನ್ನೊಂದು ಆಶ್ಚರ್ಯ ಕಾದಿದೆ. ಷೇಕ್ಸ್‌ಪಿಯರನನ್ನು ಓದಿದವರಿಗೆ ‘ಮಿಥಿಂಕ್ಸ್’ ಎಂಬ ಶಬ್ದದ ಪರಿಚಯವಿದೆ. ಇದನ್ನು ‘ನಾನು ಯೋಚಿಸುತ್ತೇನೆ’ ಎಂದು ತಿಳಿಯುವುದು ಸರಿಯಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಯೋಚಿಸು’ ಎಂಬರ್ಥದ ಒಂದು ಧಾತುವೂ ‘ತೋರು’ ಎಂಬರ್ಥದ ಇನ್ನೊಂದು ಧಾತುವೂ ಇದ್ದುವು. ಉಚ್ಚಾರಣೆಯಲ್ಲಿ ಬಹಳ ಹತ್ತಿರದವಾದ ಇವೆರಡೂ ಕ್ರಮೇಣ ಒಂದಾಗಿ ಹೋದುವು. ‘ಮಿಥಿಂಕ್ಸ್’ ಎಂಬುದರಲ್ಲಿರುವುದು ಎರಡನೆಯ ಧಾತು. ಅದರ ಮುಂದಿನ ‘ಮಿ’ ಚತುರ್ಥೀ ವಿಭಕ್ತಿ. ಅಂದರೆ ಅಕ್ಷರಶಃ ‘ನನಗೆ ತೋರುತ್ತದೆ’! ‘ಲೈಕ್’ ಎಂಬ ಧಾತುವೂ ಹಾಗೆಯೇ. ಅದಕ್ಕೆ ಮೊದಲು ‘ಮೆಚ್ಚಿಕೆಯಾಗು’ ಎಂಬ ಅರ್ಥವಿತ್ತು. ಪೂರ್ವದ ಇಂಗ್ಲಿಷರು ‘ನಾನು ಇದನ್ನು ಮೆಚ್ಚುತ್ತೇನೆ’ ಎನ್ನದೆ ‘ನನಗೆ ಇದು ಮೆಚ್ಚಿಕೆಯಾಗುತ್ತದೆ’ ಎನ್ನುತ್ತಿದ್ದರು. ಹಸಿವಿಗೂ ‘ನನಗೆ ಹಸಿಯುತ್ತದೆ’ ಎನ್ನುವ ರೂಪವಿತ್ತು. ವಿಭಕ್ತಿ ಪ್ರತ್ಯಯಗಳು ಸವೆದು, ವಾಕ್ಯದ ಮೊದಲನೆಯ ಸ್ಥಾನವೇ ಕರ್ತೃವಿನ ಗುರುತಾದ ಮೇಲೆ, ಆ ಸ್ಥಾನದಲ್ಲಿದ್ದ ‘ನನಗೆ’ ಮೆಲ್ಲಗೆ ‘ನಾನು’ ಆಯಿತು.

ನಮ್ಮ ಭಾಷೆ ಈ ಹಳೆಯ ಹಾದಿಯನ್ನು ಬಿಟ್ಟಿಲ್ಲ. ನನಗೆ ಹಸಿವಾಗಿದೆ, ನನಗೆ ತಲೆನೋವು, ನನಗೆ ಗೊತ್ತು, ನನಗೆ ಬೇಕು, ನನಗೆ ನೆನಪಿದೆ, ನನಗೆ ಇಬ್ಬರು ಮಕ್ಕಳು. ಇವುಗಳಲ್ಲಿ ಯಾವುದನ್ನೂ ನಾವು ಮಾಡುವುದಿಲ್ಲ. ಎಲ್ಲವೂ ನಮಗೆ ಒದಗಿ ಬರುತ್ತವೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ಐ’ ಕರ್ತೃ: ಐ ಆಮ್ ಹಂಗ್ರಿ, ಐ ಹ್ಯಾವ್ ಎ ಹೆಡೇಕ್, ಐ ನೋ, ಐ ವಾಂಟ್, ಐ ರಿಮೆಂಬರ್, ಐ ಹ್ಯಾವ್ ಟೂ ಚಿಲ್ಡ್ರನ್. ಹೆಸರಿಗೆ ಕರ್ತೃವಾದರೂ ಇಲ್ಲಿ ‘ಐ’ ಏನನ್ನೂ ಮಾಡುತ್ತಿಲ್ಲವೆಂಬುದನ್ನು ಇಂಗ್ಲಿಷ್ ಮರೆತಿಲ್ಲ. ಅದಕ್ಕೆ ಸಾಕ್ಷಿ, ಇಂಥ ಸ್ಥಿತಿವಾಚಕ ಕ್ರಿಯಾಪದಗಳಿಗೆ ‘ಇಂಗ್’ ಪ್ರತ್ಯಯ ಸಾಮಾನ್ಯವಾಗಿ ಹತ್ತುವುದಿಲ್ಲ. ‘ಐ ಆಮ್ ರೈಟಿಂಗ್’ ಸರಿ, ಏಕೆಂದರೆ ಬರೆಯುವುದು ನಡೆಯುತ್ತಿರುವ ಕೆಲಸ. ‘ಐ ಆಮ್ ನೋಯಿಂಗ್’ ತಪ್ಪು. ‘ಐ ಆಮ್ ಹ್ಯಾವಿಂಗ್ ಟೂ ಸನ್ಸ್’ ಎಂದು ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಕಾಣುವ ವಾಕ್ಯ, ಇಬ್ಬರು ಗಂಡುಮಕ್ಕಳಿರುವುದನ್ನು ಈ ಗಳಿಗೆಯಲ್ಲಿ ನಡೆಯುತ್ತಿರುವ ಒಂದು ವ್ಯಾಪಾರವನ್ನಾಗಿ ಮಾಡಿಬಿಡುತ್ತದೆ. ‘ಹ್ಯಾವ್’ ಎಂಬುದಕ್ಕೆ ಸರಿಯಾದ ಧಾತು ಕನ್ನಡದಲ್ಲಿ ಇಲ್ಲದಿರುವುದರಿಂದ ಅದರ ನಡತೆಯನ್ನು ಬೇರೆಯಾಗಿಯೇ ಕಲಿಯಬೇಕು. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ಎಂಬುದೂ ಇದೇ ಗುಂಪಿಗೆ ಸೇರಿದ ತಪ್ಪು. “ನಿನ್ನೆ ನೋಡಿದ್ದೇನೆ” ಎಂದು ಕನ್ನಡದಲ್ಲಿ ಹೇಳಬಹುದು. ಇಂಗ್ಲಿಷಿನಲ್ಲಿ ‘ನಿನ್ನೆ’ ಎಂದು ಕಾಲವನ್ನು ಗೊತ್ತುಮಾಡಿದೊಡನೆ ‘ಐ ಸಾ ಹಿಮ್’ ಎಂದೇ ಹೇಳಬೇಕು.

ಇಷ್ಟು ವ್ಯಾಕರಣವಾಯಿತು. ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷಿನ ದಿನಬಳಕೆಯಲ್ಲಿ ‘ಐ’ಯಿಂದ ಆರಂಭವಾಗುವ ಅನೇಕ ಸಣ್ಣ ವಾಕ್ಯಗಳು ಆಡುವವನನ್ನು ಮುಂದಕ್ಕೆ ತರುವುದಕ್ಕಾಗಿ ಹುಟ್ಟಿದವಲ್ಲ, ಆಡಿದ ಮಾತಿನ ಮೊನೆಯನ್ನು ಮೊಂಡು ಮಾಡುವುದಕ್ಕಾಗಿ ಇರುವಂಥವು. “ಐ ಥಿಂಕ್ ಹಿ ಹ್ಯಾಸ್ ಗಾನ್ ಔಟ್” ಎಂದು ಒಬ್ಬನು ಹೇಳಿದರೆ, ಅವನು ತನ್ನ ಆಲೋಚನೆಯ ಹಿರಿಮೆಯನ್ನು ಸಾರುತ್ತಿಲ್ಲ. “ಹೊರಗೆ ಹೋಗಿದ್ದಾರೇನೋ” ಎಂದು ನಾವು ಹೇಳುವಾಗ ಬರುವ ‘ಏನೋ’ ಇದೆಯಲ್ಲ, ಅದೇ ಅವನ ‘ಐ ಥಿಂಕ್’. ‘ಐ ಸಪೋಸ್’ ಎಂಬುದಕ್ಕೆ ನಮ್ಮ ‘ಇರಬೇಕು’, ‘ಇದ್ದೀತು’ ಎಂಬ ರೂಪಗಳು ಸಮ. ‘ಐ ಡೇರ್ ಸೇ’ ಎಂಬುದರಲ್ಲಿ ಧೈರ್ಯವೇನೂ ಇಲ್ಲ. ‘ಹಾಗೂ ಇರಬಹುದು’ ಎಂದಷ್ಟೇ ಅದರ ಅರ್ಥ. ಮಳೆ ಬರಲಾರದೆಂದು ಹೇಳಬೇಕಾದಾಗ ಅವರು ‘ಐ ಥಿಂಕ್ ಇಟ್ ವಿಲ್ ನಾಟ್ ರೇನ್’ ಎಂದು ಮಳೆಯನ್ನು ನಿಷೇಧಿಸುವುದು ಅಪೂರ್ವ. ‘ಐ ಡೋಂಟ್ ಥಿಂಕ್ ಇಟ್ ವಿಲ್ ರೇನ್’ ಎಂದು ತಮ್ಮ ಅನಿಸಿಕೆಯ ಮೇಲೆಯೇ ನಿಷೇಧವನ್ನು ಹಾಕಿಕೊಳ್ಳುತ್ತಾರೆ.

ಇವುಗಳಲ್ಲೆಲ್ಲ ಅತ್ಯಂತ ಉಪಯುಕ್ತವಾದುದೂ ನಮ್ಮವರಿಗೆ ಅತ್ಯಂತ ವಿಚಿತ್ರವಾಗಿ ತೋರುವುದೂ ‘ಐ ಆಮ್ ಅಫ್ರೇಡ್’ ಎಂಬ ಮಾತು. “ಐ ಆಮ್ ಅಫ್ರೇಡ್ ದ ಟ್ರೇನ್ ಹ್ಯಾಸ್ ಲೆಫ್ಟ್” ಎಂದು ಸ್ಟೇಷನ್ನಿನಲ್ಲಿ ಒಬ್ಬ ಅಧಿಕಾರಿ ಹೇಳಿದರೆ, ಹೊರಟುಹೋದ ರೈಲನ್ನು ನೆನೆದು ಆತನಿಗೆ ಭಯವೇಕೆ ಎಂದು ಹೊಸಬನು ಬೆರಗಾಗಬಹುದು. ಕನ್ನಡದಲ್ಲಿ ಆತನು “ರೈಲು ಹೊರಟುಹೋಯಿತಲ್ಲ, ಸ್ವಾಮಿ” ಎನ್ನುತ್ತಿದ್ದನು. ಆ ‘ಅಲ್ಲ’ ಎಂಬ ಬಾಲದಲ್ಲಿಯೂ ‘ಸ್ವಾಮಿ’ ಎಂಬ ಸಂಬೋಧನೆಯಲ್ಲಿಯೂ ನಾವು ಇಡುವ ಮರುಕವನ್ನು ಆತನು ‘ಐ ಆಮ್ ಅಫ್ರೇಡ್’ನಲ್ಲಿ ಇಟ್ಟಿದ್ದಾನೆ. ಹಾಗೆಯೇ ‘ಐ ಬೆಗ್ ಯುವರ್ ಪಾರ್ಡನ್’ ಎಂಬುದನ್ನು ಸ್ವರವಿಳಿಸಿ ಹೇಳಿದರೆ ಕ್ಷಮಾಯಾಚನೆ, ಸ್ವರವೇರಿಸಿ ಹೇಳಿದರೆ “ಏನೆಂದಿರಿ?” ಎಂಬ ಪ್ರಶ್ನೆ. ‘ವಿಲ್ ಯು ಹ್ಯಾವ್ ಎ ಕಪ್ ಆಫ್ ಕಾಫಿ?’ ಎಂದು ಕೇಳಿದಾಗ ಅತಿಥಿಯು ‘ಐ ಡೋಂಟ್ ಮೈಂಡ್’ ಎಂದರೆ ಕಾಫಿಯನ್ನು ತರಿಸತಕ್ಕದ್ದು. ಆತನು ನಮ್ಮ ಕಾಫಿಯನ್ನು ಲಕ್ಷಿಸುವುದಿಲ್ಲವೆಂದು ತಿಳಿದು ಸುಮ್ಮನಾದರೆ ಇಬ್ಬರಿಗೂ ನಷ್ಟ.

ಇಂಥ ಮಾತುಗಳು ಅವರಿಗೆ ಏಕೆ ಅಷ್ಟು ಬೇಕಾದುವು? ನಮ್ಮಲ್ಲಿ ಗೌರವ ತೋರಿಸುವುದಕ್ಕೆ ಬಹುವಚನವಿದೆ. ‘ಕೊಡು’ ಎಂಬುದು ‘ಕೊಡಿ’ ಆದರೆ ಸಾಕು, ಮರ್ಯಾದೆ ಬಂದುಬಿಡುತ್ತದೆ. ಅದರ ಮೇಲೆ ‘ತಾವು’ ಇದೆ, ‘ದಯಪಾಲಿಸಬೇಕು’ ಇದೆ. ಇಂಗ್ಲಿಷಿನಲ್ಲಿಯೂ ‘ದೌ’ ಎಂಬ ಏಕವಚನ ಹಿಂದೆ ಇತ್ತು. 18ನೆಯ ಶತಮಾನದ ಹೊತ್ತಿಗೆ ಅದು ಶಿಷ್ಟರ ದಿನಬಳಕೆಯಿಂದ ಮರೆಯಾಗಿ, ಕೆಲವು ಪ್ರಾಂತಭಾಷೆಗಳಲ್ಲಿಯೂ ಪ್ರಾರ್ಥನೆಯಲ್ಲಿಯೂ ಕಾವ್ಯದಲ್ಲಿಯೂ ಉಳಿಯಿತು. ಎಲ್ಲರಿಗೂ ‘ಯು’ ಎಂದಾದ ಮೇಲೆ ‘ಯು’ ಎಂಬುದರಲ್ಲಿ ಯಾರಿಗೂ ವಿಶೇಷ ಗೌರವ ಉಳಿಯಲಿಲ್ಲ. ‘ಗಿವ್’ ಎಂಬುದು ಸೇವಕನಿಗೂ ಒಂದೇ, ದೊರೆಗೂ ಒಂದೇ. ಆದುದರಿಂದ ಗೌರವವು ಎದುರಿನವನನ್ನು ಸೂಚಿಸುವ ಶಬ್ದವನ್ನು ಬಿಟ್ಟು, ಆಡುವವನನ್ನು ಸೂಚಿಸುವ ವಾಕ್ಯದಲ್ಲಿ ನೆಲೆಸಬೇಕಾಯಿತು. ನಾವು ಕೇಳುವವನನ್ನು ಎತ್ತರಿಸಿ ವಿನಯ ತೋರಿಸುತ್ತೇವೆ. ಅವರು ತಮ್ಮ ಮಾತನ್ನು ತಗ್ಗಿಸಿ ವಿನಯ ತೋರಿಸುತ್ತಾರೆ.

ಇದನ್ನರಿಯದ ನಮ್ಮ ತರುಣನೊಬ್ಬನು ಒಂದು ಕಚೇರಿಗೆ ಹೋಗುತ್ತಾನೆಂದು ಭಾವಿಸಿ. “ಒಂದು ಅರ್ಜಿಯ ನಮೂನೆ ಕೊಡಿ” ಎಂದು ಮನಸ್ಸಿನಲ್ಲಿ ಮರ್ಯಾದೆಯಾಗಿಯೇ ಅಂದುಕೊಂಡು, ‘ಗಿವ್ ಮಿ ಒನ್ ಅಪ್ಲಿಕೇಷನ್ ಫಾರಂ’ ಎನ್ನುತ್ತಾನೆ. ಅಥವಾ “ನನಗೆ ಬೇಕು” ಎಂಬುದನ್ನು ‘ಐ ವಾಂಟ್’ ಎಂದು ಮಾಡುತ್ತಾನೆ. ‘ಕೊಡಿ’ಯಲ್ಲಿದ್ದ ‘ಇ’ಕಾರ ದಾರಿಯಲ್ಲಿಯೇ ಬಿದ್ದುಹೋಯಿತು; ಕೇಳಿದವರ ಕಿವಿಗೆ ತಲಪಿದುದು ಬರಿಯ ಆಜ್ಞೆ. ‘ಐ ಷುಡ್ ಲೈಕ್’ ಅಥವಾ ‘ಐ ವಂಡರ್ ಇಫ್ ಐ ಕುಡ್ ಹ್ಯಾವ್’ ಎಂದು ಆರಂಭಿಸಿದ್ದರೆ ಅವನ ಮನಸ್ಸಿನಲ್ಲಿದ್ದುದು ಹಾಗೆಯೇ ತಲಪುತ್ತಿತ್ತು. ಅಂಥ ಯುವಕನನ್ನು ಒರಟನೆಂದು ತಳ್ಳಿಹಾಕುವವರುಂಟು. ಇತ್ತ, ‘ಐ ವಂಡರ್’ ಎಂದು ಸುತ್ತುಬಳಸಿ ಮಾತನಾಡುವವನನ್ನು ಬೂಟಾಟಿಕೆಯವನೆಂದು ನಗುವವರೂ ಉಂಟು. ಎರಡೂ ಅನ್ಯಾಯವೇ.

ಒಂದು ಉಪಾಯದಲ್ಲಿ ಮಾತ್ರ ಎರಡು ಭಾಷೆಗಳೂ ಒಂದನ್ನೊಂದು ಕೇಳಿ ಕಲಿತಂತೆ ಇವೆ. ಹಿರಿಯರ ಬಳಿಗೆ ಹೋದಾಗ ನಾವು “ತಮ್ಮನ್ನು ಒಂದು ಮಾತು ಕೇಳಬೇಕಾಗಿತ್ತು” ಎನ್ನುತ್ತೇವೆ. ಕೇಳಬೇಕಾಗಿರುವುದು ಈಗಲೇ, ಆದರೂ ಅದನ್ನು ಭೂತಕಾಲಕ್ಕೆ ತಳ್ಳಿ, ಬೇಡವೆನ್ನುವುದಕ್ಕೆ ಅವರಿಗೆ ಅವಕಾಶ ಕೊಡುತ್ತೇವೆ. ಇಂಗ್ಲಿಷಿನವನೂ ‘ಐ ವಾಂಟೆಡ್ ಟು ಆಸ್ಕ್ ಯು ಸಂಥಿಂಗ್’ ಎಂದು ಭೂತಕಾಲದ ಮರೆಯಲ್ಲಿಯೇ ನಿಂತು ಕೇಳುತ್ತಾನೆ.

ಇನ್ನು ‘ಷಲ್’, ‘ವಿಲ್’ಗಳ ವಿಷಯ. 1653ರಲ್ಲಿ ಜಾನ್ ವಾಲಿಸ್ ಎಂಬ ಗಣಿತಜ್ಞನು ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ, ‘ಐ ಷಲ್’ ಎಂದರೆ ಮುಂದೆ ನಡೆಯುವುದನ್ನು ಸುಮ್ಮನೆ ಹೇಳುವುದು, ‘ಐ ವಿಲ್’ ಎಂದರೆ ಮಾತು ಕೊಡುವುದು ಅಥವಾ ಬೆದರಿಸುವುದು ಎಂಬ ನಿಯಮವನ್ನು ಹಾಕಿದನು. ಶಾಲೆಗಳಲ್ಲಿ ಬಹುಕಾಲ ಇದೇ ಪಾಠವಾಯಿತು. ನದಿಗೆ ಬಿದ್ದ ಒಬ್ಬ ಪರಸ್ಥಳದವನು ‘ಐ ವಿಲ್ ಡ್ರೌನ್, ನೋಬಡಿ ಷಲ್ ಸೇವ್ ಮಿ’ ಎಂದು ಕೂಗಿದನೆಂದೂ, ಮುಳುಗಿಯೇ ತೀರುವೆನು, ಯಾರೂ ಕಾಪಾಡಕೂಡದು ಎಂದು ಅರ್ಥಮಾಡಿಕೊಂಡ ದಡದ ಜನರು ಟೋಪಿ ತೆಗೆದು ನಿಂತರೆಂದೂ ಕಥೆ ಕಟ್ಟಿದ್ದಾರೆ. ಈಗ ಇಂಗ್ಲೆಂಡಿನಲ್ಲಿಯೂ ಈ ಭೇದ ಬಹುಮಟ್ಟಿಗೆ ಅಳಿದು ‘ವಿಲ್’ ಎಂಬುದೇ ಸಾಮಾನ್ಯವಾಗಿದೆ. ಆದರೆ ಪ್ರಶ್ನೆಯಲ್ಲಿ ‘ಷಲ್’ ಉಳಿದಿದೆ. ‘ಷಲ್ ಐ ಓಪನ್ ದ ವಿಂಡೋ?’ ಎಂದರೆ, “ಕಿಟಕಿ ತೆರೆಯಲೇ?” ಇಂಥ ಕಡೆ ‘ವಿಲ್ ಐ’ ಎಂದು ಕೇಳಿದರೆ ಇಂಗ್ಲೆಂಡಿನವನಿಗೆ “ನಾನು ಕಿಟಕಿ ತೆರೆಯುವೆನೇ?” ಎಂದು ಜೋಯಿಸರನ್ನು ಕೇಳಿದಂತೆ ಆಗುತ್ತದೆ. ನಮ್ಮ ‘ಅಲೇ’ ಪ್ರತ್ಯಯವನ್ನು ನೆನಪಿಟ್ಟರೆ ಈ ‘ಷಲ್’ ಎಂದಿಗೂ ತಪ್ಪುವುದಿಲ್ಲ.

‘ಮೈ’, ‘ಅವರ್’ಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ. ಒಬ್ಬನೇ ಮಗನಾದರೂ ನಮ್ಮಲ್ಲಿ ‘ನಮ್ಮ ತಂದೆ’, ‘ನಮ್ಮ ಮನೆ’ ಎನ್ನುವುದು ಸಂಪ್ರದಾಯ. ಇಂಗ್ಲಿಷಿನಲ್ಲಿ ಅವನು ‘ಅವರ್ ಫಾದರ್’ ಎಂದರೆ ಕೇಳಿದವರು ಕ್ರೈಸ್ತರ ಪ್ರಾರ್ಥನೆ ಮೊದಲಾಯಿತೆಂದು ತಿಳಿದಾರು. “ನಮ್ಮ ಮನೆಯವರು” ಎಂಬುದನ್ನು ‘ಅವರ್ ವೈಫ್’ ಎಂದು ಭಾಷಾಂತರಿಸಿದರೆ ಆಗುವ ಅನಾಹುತವನ್ನು ನಾನು ವಿವರಿಸಬೇಕಾಗಿಲ್ಲ.

ಕಡೆಯದಾಗಿ, ನಮ್ಮ ನಾಡಿನಲ್ಲಿ ಎಲ್ಲರೂ ಬಲ್ಲ ಒಂದು ಐತಿಹ್ಯ. ಮೋಕ್ಷಕ್ಕೆ ಹೋಗುವವರಾರೆಂಬ ಪ್ರಶ್ನೆ ಬಂದಾಗ ಕನಕದಾಸರು, “ನಾನು ಹೋದರೆ ಹೋದೇನು” ಎಂದರಂತೆ. ಈ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ನೋಡಿ: ‘ಇಫ್ ಐ ಗೋ, ಐ ಮೇ ಗೋ’. ಅರ್ಥವೆಲ್ಲ ಸೋರಿಹೋಯಿತು. ‘ಹೋದರೆ’ ಎಂಬ ನಮ್ಮ ರೂಪಕ್ಕೆ ಪುರುಷಭೇದವಿಲ್ಲ. ಆದುದರಿಂದ ‘ನಾನು ಹೋದರೆ’ ಎಂಬುದು ‘ನಾನು ಪ್ರಯಾಣ ಮಾಡಿದರೆ’ ಎಂದೂ ಆಗುತ್ತದೆ, ‘ನಾನೆಂಬುದು ತೊಲಗಿದರೆ’ ಎಂದೂ ಆಗುತ್ತದೆ. ಎರಡನೆಯ ಅರ್ಥಕ್ಕೆ ಇಂಗ್ಲಿಷಿನಲ್ಲಿ ಕ್ರಿಯಾಪದವನ್ನೇ ಬದಲಾಯಿಸಿ ‘ಗೋಸ್’ ಎನ್ನಬೇಕು. ಮುಂದಿನ ‘ಹೋದೇನು’ ಎಂಬಲ್ಲಿ ‘ನಾನು’ ಎಂಬ ಶಬ್ದ ತೊಲಗಿಯೇ ಹೋಗಿದೆ. ಹೋಗುವವನು ಪ್ರತ್ಯಯದಲ್ಲಿ ಅಡಗಿದ್ದಾನೆ. ಇಂಗ್ಲಿಷಿನ ವಾಕ್ಯದಲ್ಲಿ ‘ಐ’ ತೊಲಗುವಂತಿಲ್ಲ. ತೊಲಗಿದರೆ ವಾಕ್ಯವೇ ಕುಸಿಯುತ್ತದೆ. ಆದರೆ ಅದೇ ವಾಕ್ಯದಲ್ಲಿ ‘ಮೇ’ ಎಂಬ ಇನ್ನೊಂದು ಸಣ್ಣ ಶಬ್ದವಿದೆ. ‘ಹೋದೇನು’ ಎಂಬುದರಲ್ಲಿರುವ ಸಂದೇಹವನ್ನೂ ಸಂಕೋಚವನ್ನೂ ಅದು ತಕ್ಕಮಟ್ಟಿಗೆ ಹೊತ್ತಿದೆ. ಇಂಗ್ಲಿಷನ್ನಾಡುವವನ ಮಾತನ್ನು ಕೇಳುವಾಗ ‘ಐ’ಗಳನ್ನು ಎಣಿಸುವುದನ್ನು ಬಿಟ್ಟು, ಅವುಗಳ ಪಕ್ಕದಲ್ಲಿ ನಿಂತಿರುವ ‘ಮೇ’, ‘ಷುಡ್’, ‘ಥಿಂಕ್’, ‘ಅಫ್ರೇಡ್’ ಮೊದಲಾದ ಮಾತುಗಳಿಗೆ ಕಿವಿಗೊಟ್ಟರೆ, ಅವನ ಸೌಜನ್ಯ ನಮಗೆ ಕೇಳಿಸೀತು. ನಾವೂ ಅವನ್ನು ತಕ್ಕ ಕಡೆಯಲ್ಲಿ ಬಳಸಿದರೆ ನಮ್ಮ ಸೌಜನ್ಯ ಅವನಿಗೆ ಕೇಳಿಸೀತು.